ಟ್ರಿಗರ್ ತೂಗಿದ ಕಲ್ಲು

ಕೋತಿ ಓಡಿಸಲು ಇಟ್ಟುಕೊಂಡಿದ್ದ ಪಿಸ್ತೂಲೊಂದು ಮಾರಾಟಕ್ಕಿದೆ ಎಂದು ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎಲ್ಲರ ಜೊತೆ ನಾನೂ ನಕ್ಕೆ. ಆ ಸಂಜೆಯೇ ಶಾಮನೂರಿನ ಕಡೆ ಬೈಕು ತಿರುಗಿಸಿದೆ. ಹೊಸ ಬಡಾವಣೆಯ ಮನೆ. ಕಾಂಪೌಂಡಿಗೆ ಇನ್ನೂ ಗಾರೆ ಆಗಿರಲಿಲ್ಲ. ಅದೇ ಜಾಗದಲ್ಲಿ ಯಜಮಾನರಿಗೆ ಮೊದಲು ತೆಂಗಿನ ತೋಟವಿತ್ತಂತೆ, ಪಿಸ್ತೂಲನ್ನು ಆಗ ಯಾವುದೋ ಹಳೆ ಸಾಮಾನಿನ ಹರಾಜಿನಲ್ಲಿ ಕೊಂಡಿದ್ದರಂತೆ. ತೋಟ ಸೈಟುಗಳಾದ ಮೇಲೆ ಪಿಸ್ತೂಲಿಗೆ ಕೆಲಸವಿಲ್ಲದೆ ಟ್ರಂಕು ಸೇರಿತ್ತು.

"ಕೋತಿಗೆ ತಾಗಂಗ ಹೊಡೀತಿರ್ಲಿಲ್ಲ ಸರ್, ಸದ್ದಿಗೇ ಓಡ್ತಿದ್ವು. ಆಮೇಲೆ ಸದ್ದಿಗೂ ಓಡ್ಲಿಲ್ಲ. ಕುಂತ್ಕಂಡು ನನ್ನೇ ನೋಡ್ತಿದ್ವು," ಎಂದರು ಅವರು, ಹಳೆ ಟವೆಲ್ಲಿನಿಂದ ಅದನ್ನು ಬಿಚ್ಚುತ್ತ.

ಅದು ಪರವಾನಗಿ ಬೇಕಾಗುವ ಬಂದೂಕಲ್ಲ. ಹತ್ತು ಮೀಟರ್ ದೂರದ ಕಾಗದದ ಗುರಿಗೆ ಗಾಳಿಯ ಒತ್ತಡದಿಂದ ಸೀಸದ ಸಣ್ಣ ಪೆಲೆಟ್ ಹಾರಿಸುವ, ಒಮ್ಮೆಗೆ ಒಂದೇ ಪೆಲೆಟ್ ತುಂಬಬೇಕಾದ, ಸ್ಪರ್ಧೆಯ ಏರ್ ಪಿಸ್ತೂಲು. ಬದಿಯ ತುಕ್ಕು ನೋಡಿದೆ, ಗುರಿ ನೋಡುವ ಪಟ್ಟಿ ಸೊಟ್ಟಗಾಗಿದ್ದುದನ್ನು ನೋಡಿದೆ. ಆಮೇಲೆ ಅದನ್ನು ಮಗುಚಿ ಮರದ ಹಿಡಿಯ ತಳ ನೋಡಿದೆ. ಅಂಗೈಗೆ ಆಧಾರವಾಗಿ ಒಂದು ಮರದ ತುಂಡು ಅಲ್ಲಿರುತ್ತದೆ. ಕೈಯ ಅಳತೆಗೆ ತಕ್ಕಂತೆ ಅದನ್ನು ಮೇಲೆ ಕೆಳಗೆ ಜಾರಿಸಬಹುದು. ಅದರ ಪಕ್ಕ ಮೊಳೆಯಲ್ಲಿ ಕೊರೆದ ಎರಡು ಗೀರುಗಳಿದ್ದವು. ಕೆಳಗಿನದು ದೊಡ್ಡ ಕೈಯದು, ಮೇಲಿನದು ಸಣ್ಣ ಕೈಯದು. ಸಣ್ಣ ಕೈ ನನ್ನದು.

ನಾನು ಭೌತಶಾಸ್ತ್ರ ಓದಿದವನು, ಈಗ ಅದನ್ನೇ ಪಾಠ ಮಾಡುವವನು. ಒಂದು ಅಳತೆಯನ್ನು ಒಮ್ಮೆ ತೆಗೆದು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ವರ್ಷವೂ ಹೇಳುತ್ತೇನೆ. ನೆನಪು ಒಮ್ಮೆಯೂ ಸರಿಯಾಗಿ ತೆಗೆಯದ ಅಳತೆ ಎಂಬುದು ನನ್ನ ಅಭಿಪ್ರಾಯ. ಎರಡು ಗೀರು ಯಾವ ಪಿಸ್ತೂಲಿನ ಮೇಲೂ ಇರಬಹುದು ಎಂದು ಅಲ್ಲೇ ನಿಂತು ವಾದಿಸಿಕೊಂಡೆ. ವಾದಿಸುತ್ತಲೇ ಅದನ್ನು ಕೊಂಡುಕೊಂಡೆ.

ನಮ್ಮ ಕಾಲೇಜಿನ ಶೂಟಿಂಗ್ ಕ್ಲಬ್ಬಿನಲ್ಲಿ ಒಳ್ಳೆಯ ಪಿಸ್ತೂಲು ಇದ್ದದ್ದು ಒಂದೇ. ಅದನ್ನು ಹಂಚಿಕೊಂಡವರು ಇಬ್ಬರು, ನಾನು ಮತ್ತು ನನ್ನ ಗೆಳೆಯ. ಅವನ ತಂದೆ ಹರಿಹರದ ಕಾರ್ಖಾನೆಗೆ ದಿನವೂ ರೈಲಿನಲ್ಲಿ ಹೋಗಿ ಬರುವವರು. ಮನೆ ಮಾತ್ರ ದಾವಣಗೆರೆಯಲ್ಲಿ, ನಮ್ಮ ಕಿರಾಣಿ ಅಂಗಡಿಯ ಹಿಂದಿನ ಓಣಿಯಲ್ಲಿ. ಅವರ ಮನೆಯ ಅಕ್ಕಿ ಬೇಳೆ ನಮ್ಮ ಅಂಗಡಿಯದೇ. ಅವನು ನನಗಿಂತ ಬಹಳ ಚೆನ್ನಾಗಿ ಗುರಿ ಹಿಡಿಯುತ್ತಿದ್ದ. ಇದನ್ನು ನಾನು ಅನುಮಾನವಿಲ್ಲದೆ ಬರೆಯಬಲ್ಲೆ, ಯಾಕೆಂದರೆ ಆಗಲೂ ಅದು ನನ್ನನ್ನು ಚುಚ್ಚುತ್ತಿತ್ತು.

ಗುರಿಯ ಪಿಸ್ತೂಲಿಗೆ ಒಂದು ನಿಯಮವಿದೆ. ಟ್ರಿಗರ್ ತೀರ ಹಗುರವಾಗಿರಬಾರದು. ಪಿಸ್ತೂಲನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರಿಗೆ ಐನೂರು ಗ್ರಾಂ ತೂಕ ನೇತುಹಾಕಿ ಎತ್ತಿದರೆ ಆ ತೂಕ ನೆಲ ಬಿಡಬೇಕು. ಅಷ್ಟರಲ್ಲೇ ಟ್ರಿಗರ್ ಸಡಿಲಿ ಟಕ್ ಎಂದರೆ ಆಟಗಾರ ಹೊರಗೆ. ಒಳ್ಳೆಯ ಗುರಿಕಾರರು ಆ ಗೆರೆಯ ಅಂಚಿನಲ್ಲೇ ಟ್ರಿಗರ್ ಇಟ್ಟುಕೊಳ್ಳುತ್ತಾರೆ. ಹಗುರಾದಷ್ಟೂ ಕೈ ಅಲುಗುವುದು ಕಡಿಮೆ. ನಮ್ಮ ಕ್ಲಬ್ಬಿನಲ್ಲಿ ಅದಕ್ಕೆಂದೇ ಮಾಡಿದ ತೂಕ ಇರಲಿಲ್ಲ. ನಮ್ಮ ಅಂಗಡಿಯ ಅರ್ಧ ಕೆಜಿ ಕಲ್ಲನ್ನು ತಂದು, ಸೈಕಲ್ ಕಡ್ಡಿಯ ಕೊಕ್ಕೆಗೆ ಹುರಿಯಲ್ಲಿ ಕಟ್ಟಿ ತೂಗುತ್ತಿದ್ದೆವು. ಕಬ್ಬಿಣದ್ದೇ ಆದರೂ ನಮ್ಮಲ್ಲಿ ತೂಕಕ್ಕೆ ಕಲ್ಲು ಎಂದೇ ಹೆಸರು.

ಟ್ರಿಗರಿನ ಬಿಗಿ ಬದಲಿಸಲು ಒಂದು ಸಣ್ಣ ತಿರುಪು ಇತ್ತು. ಅದರ ಅಂಚಿನಲ್ಲಿ ಅವನ ತಂಗಿಯ ಉಗುರು ಬಣ್ಣದಿಂದ ಎರಡು ಚುಕ್ಕೆ ಇಟ್ಟಿದ್ದೆವು. ಕೆಂಪು ಅವನದು, ಗುಲಾಬಿ ನನ್ನದು. ಪಿಸ್ತೂಲು ಕೈ ಬದಲಿಸಿದಾಗ ಅವರವರ ಚುಕ್ಕೆಗೆ ತಿರುಗಿಸಿಕೊಳ್ಳುವುದು.

ಅಂತರಕಾಲೇಜು ಪಂದ್ಯದಲ್ಲಿ ನನ್ನ ಸರದಿ ಬೆಳಿಗ್ಗೆ, ಅವನದು ಮಧ್ಯಾಹ್ನ. ಆ ಪಂದ್ಯದ ಪ್ರಮಾಣಪತ್ರವಿದ್ದರೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸಕ್ಕೆ ಅರ್ಜಿ ಹಾಕಬಹುದು ಎಂದು ಅವನು ಕಾದಿದ್ದ. ಅವನು ಎಲ್ಲರಿಗಿಂತ ಮೇಲೆ ಬಂದ. ಪ್ರತಿ ಸರದಿ ಮುಗಿದ ಮೇಲೆ ಚೀಟಿ ಎತ್ತಿ ಕೆಲವರ ಟ್ರಿಗರ್ ತೂಗುತ್ತಿದ್ದರು. ಬೆಳಿಗ್ಗೆ ನನ್ನ ಚೀಟಿ ಬರಲಿಲ್ಲ, ಮಧ್ಯಾಹ್ನ ಅವನದು ಬಂತು. ತೂಕ ನೆಲ ಬಿಡುವ ಮೊದಲೇ ಟ್ರಿಗರ್ ಟಕ್ ಎಂದಿತು. ಎರಡನೇ ಸಲವೂ, ಮೂರನೇ ಸಲವೂ.

ನಮ್ಮ ತರಬೇತುದಾರರು ಸೈನ್ಯದಿಂದ ನಿವೃತ್ತರಾದವರು, ಮಾತು ಕಡಿಮೆ. ಪಿಸ್ತೂಲಿನೊಳಗೆ ಟ್ರಿಗರನ್ನು ತಡೆದು ಹಿಡಿಯುವ ಕೊಕ್ಕೆಗೆ ಅರ ಹಾಕಿ ಉಜ್ಜಿದ್ದೀಯ ಎಂದು ಎಲ್ಲರೆದುರು ಅವನಿಗೆ ಹೇಳಿದರು. ಕೊಕ್ಕೆ ಉಜ್ಜಿ ಟ್ರಿಗರ್ ಹಗುರ ಮಾಡುವುದು ಈ ಆಟದಲ್ಲಿ ಶುದ್ಧ ಕಳ್ಳತನ. ಅವನು ಇಲ್ಲ ಸರ್ ಎಂದ. ಅವರು ನನ್ನ ಕಡೆ ತಿರುಗಿ, "ನೀನು ಜೊತೆಗಿದ್ದೋನು. ಉಜ್ಜಿದ್ನೋ ಇಲ್ವೋ?" ಎಂದರು.

"ಗೊತ್ತಿಲ್ಲ ಸರ್," ಎಂದೆ.

ಸಂಶಯವೇ ಜ್ಞಾನದ ಮೊದಲ ಮೆಟ್ಟಿಲು ಎಂದು ಮುಂದೆ ವಿಶ್ವವಿದ್ಯಾಲಯದಲ್ಲಿ ಕಲಿತೆ. ನನ್ನ ಮೊದಲ ಮೆಟ್ಟಿಲು ಅದೇ ಇರಬೇಕು. ಅವನ ಹೆಸರು ಪಟ್ಟಿಯಿಂದ ಹೋಯಿತು, ಕಾಲೇಜಿನಲ್ಲಿ ಅವನಿಗೆ ಕಳ್ಳ ಟ್ರಿಗರ್ ಎಂಬ ಹೆಸರು ಬಂತು. ಅವನು ಮತ್ತೆ ಪಿಸ್ತೂಲು ಮುಟ್ಟಲಿಲ್ಲ. ವರ್ಷದೊಳಗೆ ಅವರ ಮನೆ ಹರಿಹರಕ್ಕೆ ಹೋಯಿತು; ತಂದೆಯಿಂದ ಲೇತ್ ಕೆಲಸ ಕಲಿತು ಅಲ್ಲೇ ವರ್ಕ್‌ಶಾಪ್ ಇಟ್ಟ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಎರಡು ಮದುವೆಗಳಲ್ಲಿ ಅವನನ್ನು ಕಂಡಿದ್ದೇನೆ. ಊಟ ಆಯ್ತಾ ಎಂದು ಕೇಳಿಕೊಂಡಿದ್ದೇವೆ.

ಪಿಸ್ತೂಲನ್ನು ಮನೆಗೆ ತಂದ ಮೇಲೆ ಮೊದಲ ವಾರ ಹಿಡಿಯ ಕೆಲಸವನ್ನೇ ಮಾಡಿದೆ. ಅಂಗೈಗೆ ಕಾಡಿಗೆ ಬಳಿದುಕೊಂಡು ಹಿಡಿಯುವುದು, ಮರದ ಮೇಲೆ ಕಪ್ಪು ಅಂಟಿದ ಕಡೆ ಅರದಿಂದ ತೆಗೆಯುವುದು, ಅಂಟದ ಕಡೆ ಮರದ ಪುಟ್ಟಿ ತುಂಬುವುದು, ಒಣಗಿದ ಮೇಲೆ ಮತ್ತೆ ಕಾಡಿಗೆ. ಹೀಗೆ ಹತ್ತಾರು ಸಲ ಮಾಡಿದರೆ ಹಿಡಿ ಒಬ್ಬನ ಕೈಗೆ ಮಾತ್ರ ಕೂರುತ್ತದೆ, ಇನ್ನೊಬ್ಬನಿಗೆ ಒತ್ತುತ್ತದೆ. ಹೆಬ್ಬೆರಳು ಒರಗುವಲ್ಲಿ ಒಂದು ಹಳೆಯ ಗುಳಿ ಇತ್ತು, ನನ್ನ ಬೆರಳಿಗಿಂತ ಅಗಲ. ಅದರ ಅರ್ಧವನ್ನು ಪುಟ್ಟಿಯಲ್ಲಿ ಮುಚ್ಚಿದ ಮೇಲೆ ಅದು ಯಾರ ಬೆರಳಿನ ಜಾಗ ಎಂದು ಹೊಳೆಯಿತು. ಅರ ಕೆಳಗಿಟ್ಟೆ.

ಟ್ರಿಗರಿನ ಭಾಗ ಬಿಚ್ಚಿದಾಗ ಅಲ್ಲೆಲ್ಲ ತೋಟದ ಧೂಳು, ಗಟ್ಟಿಯಾದ ಎಣ್ಣೆ. ಎಲ್ಲ ಸಣ್ಣ ಭಾಗಗಳನ್ನೂ ಒಂದು ಸ್ಟೀಲ್ ಬಟ್ಟಲಿಗೆ ಹಾಕಿ ಥಿನ್ನರ್ ಸುರಿದು, ಕಾಲೇಜಿಗೆ ಹೋಗಿಬಂದೆ. ಮಧ್ಯಾಹ್ನ ಬಂದು ನೋಡಿದರೆ ಕೆಸರು ತಳದಲ್ಲಿ ಕೂತಿತ್ತು. ಮೇಲಿನ ಥಿನ್ನರಿಗೆ ನಸುಗೆಂಪು ಛಾಯೆ ಇತ್ತು. ಅದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿರುಪನ್ನು ಎತ್ತಿ ಬೆಳಕಿಗೆ ಹಿಡಿದೆ. ಅದರ ಅಂಚು ಹೊಸದರಂತೆ ಹೊಳೆಯುತ್ತಿತ್ತು. ಎರಡೂ ಚುಕ್ಕೆ ಹೋಗಿದ್ದವು.

ಕೈ ತೊಳೆದುಕೊಳ್ಳದೆ ಕುರ್ಚಿಯಲ್ಲಿ ಕೂತೆ. ಆ ಪಿಸ್ತೂಲು ನಮ್ಮದೇ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೆ ಬೇಕಾಗಿದ್ದ ಸಾಕ್ಷಿ ಕರಗಿಹೋಗಿತ್ತು. ಅವನ ಚುಕ್ಕೆಗೂ ನನ್ನ ಚುಕ್ಕೆಗೂ ನಡುವೆ ಎಷ್ಟು ಅಂತರವಿತ್ತು? ಒಂದು ಕೂದಲಿನಷ್ಟೋ, ಕಾಲು ಸುತ್ತೋ? ನನಗೆ ನೆನಪಿಲ್ಲ. ಬಿಚ್ಚುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳುವುದು ಇಂಥ ಕೆಲಸದ ಮೊದಲ ಪಾಠ. ನಾನು ಬೇರೆ ಎಲ್ಲದರ ಫೋಟೊ ತೆಗೆದಿದ್ದೆ.

ಉಳಿದದ್ದು ಒಳಗಿನ ಕೊಕ್ಕೆ. ಪ್ರಯೋಗಾಲಯದಿಂದ ಭೂತಗನ್ನಡಿ ತಂದು ನೋಡಿದೆ. ಅದರ ಅಂಚು ಚೂಪಾಗಿತ್ತು, ತಯಾರಿಕೆಯ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಹಾಗೇ ಇದ್ದವು. ಅರ ಮುಟ್ಟಿದ ಗುರುತು ಎಲ್ಲೂ ಇಲ್ಲ. ತರಬೇತುದಾರರು ತಪ್ಪಿದ್ದರು. ಅವನು ಉಜ್ಜಿರಲಿಲ್ಲ.

ಹಾಗಾದರೆ ಟ್ರಿಗರ್ ಹಗುರವಾದದ್ದು ಹೇಗೆ? ಪ್ರಶ್ನೆ ಕೇಳಿಕೊಳ್ಳುವ ಮೊದಲೇ ಉತ್ತರ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದನ್ನು ಆಗ ಅನ್ನಿಸಿತ್ತು ಎಂದು ಬರೆಯುವುದು ಎಷ್ಟು ಸುಲಭ ಎಂಬುದೂ ನನಗೆ ಗೊತ್ತು.

ನಮ್ಮ ಅಂಗಡಿಯಲ್ಲಿ ಅರ್ಧ ಕೆಜಿಯ ಕಲ್ಲು ಎರಡಿದ್ದವು. ತೂಕದ ಕಲ್ಲಿನ ತಳದಲ್ಲಿ ಒಂದು ಗುಳಿ ಇರುತ್ತದೆ, ಅದರ ತುಂಬ ಸೀಸ, ಸೀಸದ ಮೇಲೆ ಇಲಾಖೆಯ ಮುದ್ರೆ. ಒಂದರ ಸೀಸವನ್ನು ಅಪ್ಪ ಕೆರೆದು ತೆಗೆದು, ಮೇಲೆ ಕಪ್ಪು ಅರಗು ತುಂಬಿದ್ದರು. ಮಾರುವಾಗ ಆ ಕಲ್ಲು. ಇನ್ನೊಂದು ಗಲ್ಲಾಪೆಟ್ಟಿಗೆಯ ಹಿಂದೆ, ಬಟ್ಟೆ ಸುತ್ತಿ. ತಪಾಸಣೆಯವರು ಬೀದಿಯ ತುದಿಯಲ್ಲಿ ಕಂಡರೆ ಎರಡನ್ನೂ ಅದಲುಬದಲು ಮಾಡುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಸರಸರನೆ ಮಾಡಿದರೆ ಅಪ್ಪ ಒಂದು ಬೆಲ್ಲದ ಚೂರು ಕೊಡುತ್ತಿದ್ದರು. ಎರಡು ಕಲ್ಲಿದ್ದುದು ನನಗೆ ಗೊತ್ತಿತ್ತು. ಕ್ಲಬ್ಬಿಗೆ ಎತ್ತಿಕೊಂಡು ಹೋದದ್ದು ಯಾವುದನ್ನು ಎಂಬುದು ಮಾತ್ರ, ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ, ಕಾಣುವುದಿಲ್ಲ. ಕೈ ಕಾಣುತ್ತದೆ. ಕೈಯಲ್ಲಿ ಕಲ್ಲು ಕಾಣುತ್ತದೆ. ತಳ ಕಾಣುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅಣ್ಣನದು, ಈಗ ಕೆ.ಬಿ. ಬಡಾವಣೆಯಲ್ಲಿದೆ. ತೂಗುವುದು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ. ಹಳೆಯ ಕಲ್ಲುಗಳನ್ನು ಕೇಳಿದೆ.

"ಒಂದು ಬಾಗಿಲಿಗೆ ಒತ್ತಿಟ್ಟೈತೆ ನೋಡು. ಇನ್ನೊಂದು ಎಲ್ಲಿ ಹೋತೋ," ಎಂದ ಅಣ್ಣ. "ಯಾಕ, ಕಾಲೇಜಿನಾಗೆ ಅಂಗಡಿ ಹಾಕ್ತೀಯೇನು?"

ಬಾಗಿಲ ಬಳಿಯ ಕಲ್ಲನ್ನು ಎತ್ತಿ ತಿರುಗಿಸಿದೆ. ಕಪ್ಪು ಅರಗು. ಅವನ ತಕ್ಕಡಿಯ ಮೇಲೇ ಇಟ್ಟೆ. ನಾನೂರ ಎಪ್ಪತ್ತೆರಡು.

ಅಣ್ಣ ಆ ಅಂಕಿಯನ್ನೂ ನನ್ನ ಮುಖವನ್ನೂ ನೋಡಿದ. "ಎಲ್ಲಾ ಅಂಗಡ್ಯಾಗೂ ಇದ್ವಪ್ಪ. ಈಗೇನು ಅಪ್ಪನ್ನ ಎಬ್ಬಿಸ್ಕಂಬಂದು ಕೇಳ್ತೀಯೇನು?"

"ಪಿಸ್ತೂಲು ತೂಗಾಕೆ ನಾನು ಯಾವ ಕಲ್ಲು ಒಯ್ತಿದ್ದೆ, ನೆನಪೈತಾ?"

"ಇದನ್ನೇ. ಸರಿ ಇರೋ ಕಲ್ಲನ್ನ ಅಪ್ಪ ಅಂಗಡಿ ಬಿಟ್ಟು ಹೊರಗೆ ಕಳಿಸ್ತಿದ್ನೇನು? ಅದು ಬಂಗಾರ ಇದ್ದಂಗೆ." ಹೀಗೆ ಹೇಳಿ ಗಿರಾಕಿಯ ಕಡೆ ತಿರುಗಿದ.

ಅಲ್ಲಿಗೆ ಲೆಕ್ಕ ತಾಳೆಯಾಯಿತು. ನನ್ನ ಗೆಳೆಯ ಆ ಕಲ್ಲಿಗೆ ಸರಿಯಾಗಿ ಟ್ರಿಗರ್ ಹೊಂದಿಸಿಕೊಂಡ. ಪಂದ್ಯದಲ್ಲಿ ನಿಜವಾದ ಐನೂರು ಬಂತು, ಟ್ರಿಗರ್ ಸಡಿಲಿತು. ಅವನು ಕಳ್ಳನಲ್ಲ, ಕಲ್ಲು ಕಳ್ಳ. ಕಲ್ಲು ತಂದವನು ನಾನು. ಗೊತ್ತಿಲ್ಲದೆ ತಂದಿದ್ದರೆ ಅದು ತಪ್ಪು ಮಾತ್ರ. ಗೊತ್ತಿದ್ದು ತಂದಿದ್ದರೆ ಅದಕ್ಕೆ ಬೇರೆ ಹೆಸರು. ಇವೆರಡರ ನಡುವಿನ ಗೆರೆ ಎಲ್ಲಿತ್ತು ಎಂದು ಹೇಳಬಹುದಾಗಿದ್ದದ್ದು ನನ್ನ ಗುಲಾಬಿ ಚುಕ್ಕೆ ಒಂದೇ. ಕಲ್ಲು ಕಡಿಮೆ ಎಂದು ತಿಳಿದೇ ನನ್ನ ಟ್ರಿಗರನ್ನು ಮಾತ್ರ ನಾನು ಹೆಚ್ಚು ಬಿಗಿಯಾಗಿ ಇಟ್ಟುಕೊಂಡಿದ್ದೆನೇ?

ಟ್ರಿಗರ್ ತಿರುಗುವ ಸಣ್ಣ ಪಿನ್ನು ಸವೆದಿತ್ತು. ಹೊಸದು ಎಲ್ಲೂ ಸಿಗುವುದಿಲ್ಲ, ಲೇತಿನಲ್ಲಿ ಮಾಡಿಸಬೇಕು. ಒಂದು ಭಾನುವಾರ ಪಿಸ್ತೂಲು, ಕಲ್ಲು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹರಿಹರಕ್ಕೆ ಹೋದೆ.

ಅವನ ವರ್ಕ್‌ಶಾಪು ಹೊಳೆಗೆ ಹೋಗುವ ದಾರಿಯ ಕಡೆ, ಒಂದು ವೆಲ್ಡಿಂಗ್ ಅಂಗಡಿಯ ಪಕ್ಕ. ಭಾನುವಾರವೂ ಲೇತ್ ಓಡುತ್ತಿತ್ತು. ನನ್ನನ್ನು ನೋಡಿ ಅವನು ಕನ್ನಡಕ ಹಣೆಗೆ ಏರಿಸಿದ.

"ಬರ್ರಿ ಲೆಕ್ಚರರ್ ಸಾಹೇಬ್ರ. ಕೂಡ್ರಿ. ಡಬ್ಬದ ಮೇಲೆ ಕೂಡ್ರಿ, ಪ್ಯಾಂಟಿಗೆ ಎಣ್ಣೆ ಆದ್ರೆ ನಾನು ಜವಾಬ್ದಾರ ಅಲ್ಲ."

ಪಿನ್ನು ಕೊಟ್ಟೆ. ಮೈಕ್ರೊಮೀಟರಿನಲ್ಲಿ ಅಳೆದ. ಯಾವುದರ ಪಿನ್ನು ಎಂದು ಕೇಳಲಿಲ್ಲ.

"ದಾವಣಗೆರೆಯಾಗೆ ಲೇತ್ ಇಲ್ಲೇನು?"

"ಅದಾವೆ."

"ಮತ್ತೆ?"

ಚೀಲದಿಂದ ಪಿಸ್ತೂಲನ್ನು ತೆಗೆದು ಬೆಂಚಿನ ಮೇಲಿಟ್ಟೆ, ಪಕ್ಕದಲ್ಲಿ ಕಲ್ಲು. ಅವನು ಪಿಸ್ತೂಲನ್ನು ಮುಟ್ಟಲಿಲ್ಲ. ಕಲ್ಲನ್ನು ತಿರುಗಿಸಿ ತಳ ನೋಡಿ, ಲೇತ್ ನಿಲ್ಲಿಸಿದ.

"ನಿಮ್ಮ ಅಂಗಡೀದು."

"ನಾನೂರ ಎಪ್ಪತ್ತೆರಡು ಐತೆ," ಎಂದೆ. ಬೈಕಿನ ಮೇಲೆ ಸಿದ್ಧ ಮಾಡಿಕೊಂಡಿದ್ದ ಉದ್ದನೆಯ ಮಾತು ಅಷ್ಟಕ್ಕೇ ನಿಂತಿತು.

"ಗೊತ್ತೈತೆ."

"ಯಾವಾಗಿಂದ?"

"ಮ್ಯಾಚ್ ಆಗಿ ಎಂಟು ದಿನಕ್ಕೆ. ನಿಮ್ಮಪ್ಪನ ಹತ್ರ ಅರ್ಧ ಕೆಜಿ ಸಕ್ರೆ ಕಟ್ಟಿಸ್ಕಂಡೆ. ಎದುರಿನ ಅಂಗಡ್ಯಾಗೆ ತೂಗಿಸಿದ್ರೆ ಸರಿಯಾಗೇ ಬಂತು. ಅವನ ಕಲ್ಲೂ ನಿಮ್ಮ ಕಲ್ಲಿನ ಅಣ್ಣತಮ್ಮ." ಅವನು ಸ್ವಲ್ಪ ನಕ್ಕ. "ಆಮೇಲೆ ಪೋಸ್ಟಾಫೀಸಿಗೆ ಒಯ್ದೆ. ಪಾರ್ಸೆಲ್ ಐತೆ ತೂಗ್ರಿ ಅಂದೆ. ಯಾವ ಊರಿಗೆ ಅಂದ್ರು. ಇನ್ನೂ ಯೋಚ್ನೆ ಮಾಡಿಲ್ಲ ಅಂದೆ."

"ಯಾಕ ಹೇಳ್ಲಿಲ್ಲ?"

"ಯಾರಿಗೆ? ಸರ್ ಹತ್ರ ಹೋಗಿ, ಟ್ರಿಗರ್ ಉಜ್ಜಿಲ್ಲ ಸರ್, ಸಕ್ರೆ ಕಮ್ಮಿ ಐತೆ ಅನ್ಲೇನು?"

"ನನಗಾದ್ರೂ ಹೇಳಬೇಕಿತ್ತು."

"ನಿನಗ್ಯಾಕ ಹೇಳ್ಬೇಕಲೇ, ನಿನಗೆ ಗೊತ್ತಿತ್ತಲ್ಲ."

ಸಿಟ್ಟಿನಿಂದಲ್ಲ, ರೈಲಿನ ಸಮಯ ಹೇಳುವಂತೆ ಹೇಳಿದ. ಆಮೇಲೆ, ನಾನು ಕೇಳದೆಯೇ, ಮುಂದುವರಿಸಿದ. "ಮ್ಯಾಚಿನ ಹಿಂದಿನ ದಿನ, ಕ್ಲಬ್ಬಿನ ವರಾಂಡದಾಗೆ. ಕಾಲು ಸುತ್ತು ಬಿಗಿ ಮಾಡ್ಕಳಲೇ ಅಂದೆ ನೀನು. ಕಲ್ಲು ಎತ್ತೇತಲ್ಲ, ಯಾಕ ಬಿಗಿ ಮಾಡ್ಲಿ ಅಂದೆ ನಾನು. ನೀನು ಸುಮ್ನಾದೆ. ಹೇಳಿದ್ದೆ ನೀನು, ನಾನು ಕೇಳ್ಲಿಲ್ಲ. ಅದಕ್ಕೆ ನಿನ್ ಮೇಲೆ ಸಿಟ್ಟು ಮಾಡ್ಕಂಡಿಲ್ಲ. ಆಮೇಲೆ ಸರ್ ಕೇಳಿದಾಗ ಗೊತ್ತಿಲ್ಲ ಅಂದ್ಯಲ್ಲ..."

ಆ ಮಾತನ್ನು ಮುಗಿಸದೆ ಬಟ್ಟೆಯಿಂದ ಕೈ ಒರೆಸಿಕೊಂಡ.

ನಾನು ವರಾಂಡವನ್ನು ನೆನಪಿಸಿಕೊಳ್ಳಲು ನೋಡಿದೆ. ಕಂಬಗಳು ಬಂದವು, ಸೈಕಲ್ ಕಡ್ಡಿಯ ಕೊಕ್ಕೆ ಬಂತು, ಅವನ ದೊಡ್ಡ ಹೆಬ್ಬೆರಳು ಬಂತು. ನಾನು ಹೇಳಿದೆನೆಂಬ ಮಾತು ಮಾತ್ರ ಬರಲಿಲ್ಲ. ಅವನು ಅದನ್ನು ನನ್ನ ಪರವಾಗಿ ಹೇಳಿದ್ದ, ಎಚ್ಚರಿಸಿದ ಗೆಳೆಯ ಎಂಬಂತೆ. ಆದರೆ ಹಾಗೆ ಹೇಳಿದ್ದು ನಿಜವಾದರೆ ಕಲ್ಲು ಕಡಿಮೆ ಎಂಬುದು ನನಗೆ ಅಂದೇ ಗೊತ್ತಿತ್ತು. ಒಂದು ಮಾತು ಹೆಚ್ಚು ಹೇಳಿದ್ದರೆ ಅವನು ಉಳಿಯುತ್ತಿದ್ದ. ಆ ಒಂದು ಮಾತು ಹೇಳಬೇಕಾದರೆ, ನಿಮ್ಮ ಮನೆಯ ಅಕ್ಕಿ ಬೇಳೆಯನ್ನೂ ಇದೇ ಕಲ್ಲಿನಲ್ಲಿ ತೂಗುತ್ತೇವೆ ಎಂದಂತಾಗುತ್ತಿತ್ತು. ಅದಕ್ಕೆ ಬಾಯಿ ಬರಲಿಲ್ಲವೋ, ಅಥವಾ ಅವನು ಸೋಲಲಿ ಎಂದು ಒಳಗೆ ಎಲ್ಲೋ ಇತ್ತೋ. ಅಥವಾ ಇದು ಅವನು ವರ್ಷಗಳ ಕಾಲ ಲೇತಿನ ಮುಂದೆ ನಿಂತು ಕಟ್ಟಿಕೊಂಡ ನೆನಪೋ. ನನ್ನ ನೆನಪನ್ನು ನಂಬದವನು ಅವನ ನೆನಪನ್ನು ಯಾವ ಆಧಾರದ ಮೇಲೆ ನಂಬಲಿ?

ನನಗೆ ನೆನಪಿಲ್ಲ ಎನ್ನಬಹುದಿತ್ತು. ಅದು ಸತ್ಯವೂ ಆಗಿತ್ತು. ಆದರೆ ನಾಲಿಗೆಯ ತುದಿಗೆ ಬಂದಾಗ ಅದರ ರುಚಿ ಗೊತ್ತಾಯಿತು. ಅದು ಆವತ್ತಿನ "ಗೊತ್ತಿಲ್ಲ ಸರ್" ಎಂಬುದೇ, ಬೇರೆ ಅಂಗಿ ಹಾಕಿಕೊಂಡು ಬಂದಿತ್ತು.

"ಹೌದು. ಗೊತ್ತಿತ್ತು," ಎಂದೆ.

ನೆನಪಿಲ್ಲದ ಒಂದನ್ನು ನಾನು ಒಪ್ಪಿಕೊಂಡದ್ದು ಜೀವನದಲ್ಲಿ ಅದೊಂದೇ. ಸರಿಯೋ ತಪ್ಪೋ ಈಗಲೂ ಹೇಳಲಾರೆ. ಅವನು ಹಣೆಯ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡ. ಆಮೇಲೆ ಪಿಸ್ತೂಲನ್ನು ಎತ್ತಿಕೊಂಡ, ಬಾಗಿಲಿಂದಾಚೆ ಗೋಡೆಯ ಕಡೆಗೆ ಕೈ ಚಾಚಿ ಹಿಡಿದ. ಹೆಬ್ಬೆರಳು ತನ್ನ ಹಳೆಯ ಜಾಗ ಹುಡುಕಿ ಪುಟ್ಟಿಗೆ ತಾಗಿತು.

"ಮುಚ್ಚಿಬಿಟ್ಟೀಯಲ್ಲ," ಎಂದ.

"ಅರ್ಧ."

"ಹ್ಞೂಂ." ಪಿಸ್ತೂಲನ್ನು ನನಗೆ ವಾಪಸು ಕೊಟ್ಟು ಲೇತ್ ಚಾಲೂ ಮಾಡಿದ. "ಪಿನ್ನು ಗುರುವಾರ ಆಗ್ತತೆ. ಕಲ್ಲು ತಗಂಡ್ ಹೋಗು, ನನಗೆ ಬ್ಯಾಡ."

ಗುರುವಾರ ಹೋದಾಗ ಶಟರ್ ಮುಚ್ಚಿತ್ತು. ಪಕ್ಕದ ವೆಲ್ಡಿಂಗ್ ಅಂಗಡಿಯವರು ಕೂಗಿ ಕರೆದರು.

"ದಾವಣಗೆರೆ ಮೇಷ್ಟ್ರು ನೀವೇನ್ರಿ? ಇದು ಕೊಟ್ಟು ಹೋಗ್ಯಾರೆ. ಅವರು ಗುರುವಾರ ಯಾವತ್ತೂ ಬಾಗಿಲು ಹಾಕೋರಲ್ಲ, ಇವತ್ತೇ ಹಾಕ್ಯಾರೆ."

ಹಳೆಯ ಪತ್ರಿಕೆಯ ಪೊಟ್ಟಣ, ಗಾತ್ರಕ್ಕೆ ಮೀರಿದ ಭಾರ. ಮನೆಗೆ ಬಂದು ಬಿಚ್ಚಿದೆ. ಒಳಗೆ ಪಿನ್ನು ಇತ್ತು. ಅದರ ಜೊತೆ ಲೇತಿನಲ್ಲಿ ಕಡೆದ ಒಂದು ಹಿತ್ತಾಳೆಯ ತುಂಡು, ಮೇಲೆ ಅಚ್ಚುಕಟ್ಟಾದ ಕೊಕ್ಕೆ, ಮೈಮೇಲೆ ಕೊರೆದ ಅಂಕಿ, ಐನೂರು. ಹಿತ್ತಾಳೆ ಹೊಸದಾಗಿರಲಿಲ್ಲ. ಕೈ ಬೆವರಿಗೆ ಕಂದಿದ, ಬಹಳ ವರ್ಷ ಎಲ್ಲೋ ಕಪಾಟಿನಲ್ಲಿ ಕೂತಿದ್ದ ಬಣ್ಣ. ಮತ್ತೆ ಪಿಸ್ತೂಲು ಮುಟ್ಟದವನು ಟ್ರಿಗರ್ ತೂಗುವ ಕಲ್ಲನ್ನು ಯಾವಾಗಲೋ ಮಾಡಿಟ್ಟುಕೊಂಡಿದ್ದ.

ಪಿನ್ನು ಬೆರಳ ಒತ್ತಿಗೇ ಸರಿಯಾಗಿ ಕೂತಿತು. ಹಿತ್ತಾಳೆಯನ್ನು ನೇತುಹಾಕಿ, ತಿರುಪನ್ನು ತುಸುತುಸುವೇ ಬಿಗಿ ಮಾಡಿ ಎತ್ತಿದೆ. ಮೂರು ಸಲವೂ ತೂಕ ನೆಲ ಬಿಟ್ಟಿತು. ತಿರುಪಿನ ಅಂಚಿಗೆ ಈ ಸಲ ಯಾವ ಚುಕ್ಕೆಯನ್ನೂ ಇಡಲಿಲ್ಲ. ಹೆಬ್ಬೆರಳ ಗುಳಿಯಿಂದ ಪುಟ್ಟಿ ಕೆರೆದು ತೆಗೆದೆ. ಈಗ ಹಿಡಿದರೆ ನನ್ನ ಬೆರಳು ಅಲ್ಲಿ ಸಡಿಲವಾಗಿ ಕೂರುತ್ತದೆ, ಗುರಿ ಎಡಕ್ಕೆ ಹೋಗುತ್ತದೆ.

ಸಂಜೆ ಅವನಿಗೆ ಫೋನ್ ಮಾಡಿದೆ. ಪಿನ್ನು ಸರಿಯಾಯಿತು ಎಂದೆ.

"ತೂಗಿ ನೋಡ್ದೇನು?"

"ನೋಡ್ದೆ. ಎತ್ತುತ್ತೆ."

"ಟ್ರಿಗರ್ ಅಲ್ಲಲೇ. ಕಲ್ಲನ್ನ."

ಹರಿಹರದಿಂದ ಬರುವಾಗ ಮನೆಗೂ ಮೊದಲು ಕೆ.ಬಿ. ಬಡಾವಣೆಯಲ್ಲಿ ಬೈಕು ನಿಲ್ಲಿಸಿದ್ದೆ. ಪೊಟ್ಟಣವನ್ನು ಅಲ್ಲೇ ಒಮ್ಮೆ ಬಿಚ್ಚಿ, ಅಣ್ಣನ ತಕ್ಕಡಿಯ ಮೇಲೆ ಹಿತ್ತಾಳೆಯನ್ನು ಇಟ್ಟು, ಅಂಕಿ ನಿಲ್ಲುವವರೆಗೆ ಕಾದು, ಹಾಗೇ ಮತ್ತೆ ಕಟ್ಟಿದ್ದೆ. ಮನೆಗೆ ಬಂದು ಬಿಚ್ಚಿದೆ ಎಂದು ಮೇಲೆ ಬರೆದದ್ದು ಎರಡನೇ ಸಲದ್ದು.

"ನೋಡ್ದೆ," ಎಂದೆ. "ಐನೂರೇ ಐತೆ."

"ನೋಡಿರ್ತೀ ಅನ್ಕಂಡಿದ್ದೆ," ಎಂದು ಅವನು ಫೋನ್ ಇಟ್ಟ.